ಗೋಡೆಯಷ್ಟು ಜಾಗ

ಆ ಆಫೀಸಿನಲ್ಲಿ ನೀರಿಗೆ ಎರಡೇ ಬಣ್ಣ. ನೀಲಿ, ಇಲ್ಲವೇ ಬೂದು.

ಮೊದಲು ಹಾಗಿರಲಿಲ್ಲ. ಒಂದೊಂದು ಜಿಲ್ಲೆಗೆ ಒಂದೊಂದು ನಕ್ಷೆ, ಒಂದೊಂದು ನಕ್ಷೆಗೆ ಒಂದೊಂದು ಭಾಷೆ. ಇವರು ಜೌಗು ಅಂದದ್ದನ್ನು ಅವರು ಖಾಲಿ ಬಯಲು ಅನ್ನುತ್ತಿದ್ದರು. ಇವರ ನಕ್ಷೆಯಲ್ಲಿ ಹರಿಯುತ್ತಿದ್ದ ಹಳ್ಳ ಜಿಲ್ಲೆಯ ಗಡಿಗೆ ಬಂದು ಕತ್ತರಿಸಿದ ಹಾಗೆ ನಿಂತುಬಿಡುತ್ತಿತ್ತು. ಆಚೆಯವರು ಅದನ್ನು ಬರೆದೇ ಇರುತ್ತಿರಲಿಲ್ಲ. ಈಗ ಇಡೀ ಸೀಮೆಗೆ ಒಂದೇ ನಕ್ಷೆ ಆಗಬೇಕಿತ್ತು. ಕೆರೆಗೆ, ಕುಂಟೆಗೆ, ಜೌಗಿಗೆ, ಹಳ್ಳಕ್ಕೆ ಎಲ್ಲ ಕಡೆ ಒಂದೇ ಹೆಸರು, ಒಂದೇ ದಪ್ಪದ ಗೆರೆ. ತಾನಾಗಿ ಹುಟ್ಟಿ ಹರಿಯುವ ನೀರು ನೀಲಿ. ಕೊಳೆ ಹೊತ್ತೊಯ್ಯುವ ಮೋರಿ ಬೂದು.

ಅವಳ ಕೆಲಸ ಗೆರೆ ಎಳೆಯುವುದು. ಆಕಾಶದಿಂದ ತೆಗೆದ ಚಿತ್ರವನ್ನು ಪರದೆಯ ಮೇಲೆ ಹರಡಿಕೊಂಡು, ನೀರು ಕಂಡಲ್ಲೆಲ್ಲ ಮೌಸ್ ಓಡಿಸುವುದು. ಒಂದು ಗೆರೆಯ ತುದಿಯನ್ನು ಇನ್ನೊಂದರ ಹತ್ತಿರ ಒಯ್ದರೆ ಎರಡೂ ಟಕ್ ಅಂತ ಅಂಟಿಕೊಳ್ಳುತ್ತಿದ್ದವು. ಆಫೀಸಿನವರು ಅದಕ್ಕೆ ಗಂಟು ಹಾಕುವುದು ಅನ್ನುತ್ತಿದ್ದರು. ಎಷ್ಟೋ ಕಾಲದಿಂದ ಗಡಿಯಲ್ಲಿ ಕಡಿದು ಬಿದ್ದಿದ್ದ ಹಳ್ಳಗಳು ಅವಳ ಕೈಯಲ್ಲಿ ಒಂದಾಗುತ್ತಿದ್ದವು. ಅವಳಷ್ಟು ಬೇಗ, ಅಷ್ಟು ಅಚ್ಚುಕಟ್ಟಾಗಿ ಗಂಟು ಹಾಕುವವರು ಇನ್ನೊಬ್ಬರಿರಲಿಲ್ಲ. ಅದಕ್ಕೇ ಅವಳಿಗೆ ಗಂಟಕ್ಕ ಅಂತ ಹೆಸರು ಬಿತ್ತು.

ಗಂಟಕ್ಕನ ಮನೆ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ. "ಸ್ಟೇಷನ್ ಆಚೆ" ಅನ್ನುತ್ತಿದ್ದಳು. ಸ್ಟೇಷನ್ ಆಚೆ ಊರೆಲ್ಲ ಇದೆ. ಅವಳ ಸ್ಟಾಪು ಬಂದಾಗ ಕಂಡಕ್ಟರು "ಮೋರಿ ಯಾರ್ರೀ, ಮೋರಿಯವರು ಇಳೀರಿ" ಅಂತ ಕೂಗುತ್ತಿದ್ದ. ಅವಳು ಇಳಿಯುತ್ತಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು, ತಿರುಗಿ ನಡೆದು ಬರುತ್ತಿದ್ದಳು. ಬೆಳಿಗ್ಗೆ ಎರಡೆರಡು ಸಲ ಸೋಪು ಹಚ್ಚಿ ಚರ್ಮ ಉರಿಯುವ ತನಕ ಉಜ್ಜಿಕೊಳ್ಳುತ್ತಿದ್ದಳು. ಆದರೂ ಬಸ್ಸಿನಲ್ಲಿ ಪಕ್ಕದವರು ಸುಮ್ಮನೆ ಮೂಗು ತುರಿಸಿಕೊಂಡರೂ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಅವಳ ಅವ್ವ ಮೋರಿಯ ಹೂಳು ಎತ್ತುವವಳು. ಆ ಓಣಿಯಲ್ಲಿ ಎಲ್ಲರದೂ ಅದೇ ಕೆಲಸ.

ಒಂದು ದಿನ ಅವಳ ಪರದೆಯ ಮೇಲೆ ಅವಳದೇ ಓಣಿ ಬಂತು.

ಮೇಲಿನಿಂದ ನೋಡಿದರೆ ಎಲ್ಲ ಸಣ್ಣದು. ಅವಳ ಮನೆಯ ತಗಡು ಒಂದು ಬಿಳಿ ಚುಕ್ಕೆ. ಅದರ ಪಕ್ಕದಲ್ಲೇ ಕಪ್ಪಗೆ ಹರಿಯುವ ನೀರು. ನೀರಿನ ಜಾಡು ಹಿಡಿದು ಅವಳ ಕೈ ಮೇಲಕ್ಕೆ ಹೋಯಿತು. ಎತ್ತರದ ಗೋಡೆ ಬಂತು. ಗೋಡೆಯೊಳಗೆ ದೊಡ್ಡ ಮನೆಗಳು, ಮರಗಳು, ಮರಗಳ ನಡುವೆ ಅದೇ ನೀರು ತೆಳ್ಳಗೆ ಹೊಳೆಯುತ್ತ ಒಂದು ದಿಬ್ಬದ ಬುಡಕ್ಕೆ ಹೋಗಿ ಮುಗಿಯಿತು. ಅಲ್ಲೊಂದು ಊಟೆ. ನೀರು ನೆಲದಿಂದಲೇ ಎದ್ದು ಬರುತ್ತಿತ್ತು. ಗೋಡೆಯ ಬುಡದ ಹತ್ತಿರ, ಒಳಮಗ್ಗುಲಲ್ಲಿ, ಆ ಮನೆಗಳ ಕೊಳೆಯ ಪೈಪೆಲ್ಲ ಒಂದಾಗಿ ಬಂದು ಅದಕ್ಕೆ ಬೀಳುತ್ತಿದ್ದವು. ಆಮೇಲೆ ಗೋಡೆಯ ಕಿಂಡಿ. ಕಿಂಡಿಯ ಈಚೆ ಅವರ ಓಣಿ.

ಹುಟ್ಟಿದಾಗಿನಿಂದ ಆ ನೀರಿನ ಪಕ್ಕ ಮಲಗಿ ಎದ್ದವಳು. ಅದು ಎಲ್ಲಿ ಹುಟ್ಟುತ್ತದೆ ಅಂತ ಈಗ ಕಂಡಳು.

ಊಟೆಯಿಂದ ಓಣಿಯ ಕೊನೆಯ ತನಕ ಒಂದೇ ಉಸಿರಿಗೆ ನೀಲಿ ಗೆರೆ ಎಳೆದಳು.

ಸಾಹೇಬರು ಟೀ ಲೋಟ ಹಿಡಿದು ಬೆನ್ನ ಹಿಂದೆ ನಿಂತಿದ್ದರು. ನಕ್ಷೆಗೆ ಸಹಿ ಹಾಕುವವರು ಅವರೇ. "ಇದೇನ್ರೀ ಗಂಟಕ್ಕ, ಮೋರಿಗೆ ನೀಲಿ ಹೊಡೆದಿದ್ದೀರಿ?"

"ಮೇಲೆ ಊಟೆ ಇದೆ ಸರ್. ಅಲ್ಲಿಂದಾನೇ ಹರಿದು ಬರ್ತಿದೆ. ಒಂದೇ ನೀರು."

"ಗೋಡೆ ಒಳಗಿಂದು ಹಳ್ಳ. ಹೊರಗಿಂದು ಮೋರಿ. ಮೂಗಿದ್ದೋರಿಗೆಲ್ಲ ಗೊತ್ತಾಗುತ್ತೆ." ನಕ್ಕರು. "ಓ, ನಿಮ್ಮ ಪರದೇಲಿ ವಾಸನೆ ಬರಲ್ಲ, ಅಲ್ವಾ?"

ಪಕ್ಕದ ಮೇಜಿನ ಕನ್ನಡಕದವನು ಕಿಸಕ್ಕೆಂದ. ಅವಳೂ ನಕ್ಕಳು. ನಗದಿದ್ದರೆ ಯಾಕೆ ನಗಲಿಲ್ಲ ಅಂತ ಕೇಳುತ್ತಾರೆ.

ಗೋಡೆಯಿಂದ ಕೆಳಗಿನದನ್ನು ಬೂದು ಮಾಡಿದಳು. ತಕ್ಷಣ ಗೋಡೆಯ ಮೇಲೆ ಕೆಂಪು ಚುಕ್ಕೆ ಎದ್ದು ಮಿಣುಕಿತು. ನೀಲಿಗೂ ಬೂದಿಗೂ ನೇರವಾಗಿ ಗಂಟು ಬೀಳುವ ಹಾಗಿಲ್ಲ. ಹುಟ್ಟಿನಿಂದ ಕೊನೆಯವರೆಗೆ ಒಂದು ನೀರಿಗೆ ಒಂದೇ ಬಣ್ಣ. ಮಷೀನಿಗೆ ಹಾಗೆ ಕಲಿಸಿದ್ದರು.

ಸಾಹೇಬರು ಬಗ್ಗಿ ನೋಡಿದರು. "ಗಂಟು ಬಿಚ್ಚಿ. ನಡುವೆ ಒಂಚೂರು ಜಾಗ ಬಿಡಿ. ಗೋಡೆಯಷ್ಟು ಸಾಕು. ಆಗ ಅದು ಬೇರೆ, ಇದು ಬೇರೆ. ಮಷೀನು ಬಾಯಿ ಮುಚ್ಕೊಂಡು ಬಿದ್ದಿರುತ್ತೆ."

ಅವಳು ಜಾಗ ಬಿಟ್ಟಳು. ಕೆಂಪು ಚುಕ್ಕೆ ಆರಿತು.

"ಗೋಡೆ ಒಳಗಿನ ಮನೆಯವರು ಇದಕ್ಕೇ ಕಾಯ್ತಾ ಇದ್ದಾರೆ ಕಣ್ರೀ" ಅಂದರು ಸಾಹೇಬರು, ಟೀ ಹೀರುತ್ತ. "ಹಳ್ಳ ಅಂದ್ರೆ ಮುಟ್ಟೋ ಹಾಗಿಲ್ಲ, ಮುಚ್ಚೋ ಹಾಗಿಲ್ಲ. ನೂರೆಂಟು ತಕರಾರು. ಮೋರಿ ಅಂತ ನಕ್ಷೇಲಿ ಬಂದರೆ ಮುಗೀತು. ಮೇಲೆ ಚಪ್ಪಡಿ ಬಿಗಿದು ಗೋಡೆ ಮನೆಯವರಿಗೆ ಸೀದಾ ರಸ್ತೆ. ಎರಡೂ ಕಡೆ ಇರೋ ತಗಡು ಶೆಡ್ಡೆಲ್ಲ ಸಾಫ್."

"ಅಲ್ಲಿರೋ ಜನ ಸರ್?"

"ಮೋರಿ ಜನ ತಾನೇ? ಇನ್ನೊಂದು ಮೋರಿ ಹುಡುಕ್ಕೋತಾರೆ."

ಅವಳು ಪರದೆ ನೋಡಿದಳು. ಬಿಳಿ ಚುಕ್ಕೆ ಹಾಗೇ ಇತ್ತು. ಒಳಗೆ ಅವ್ವನ ಚಾಪೆ, ಒಲೆ, ಅವಳ ಪುಸ್ತಕಗಳು. ಏನಾದರೂ ಅನ್ನಬೇಕಿತ್ತು.

"ಸ್ಥಳಕ್ಕೆ ಹೋಗಿ ಆಳ ನೋಡಿ, ಜನ ಏನಂತ ಕರೀತಾರೆ ಅಂತ ಕೇಳಿ ಬರ್ಕೊಂಡು ಬಂದರೆ ಸಹಿ ಹಾಕಿಬಿಡ್ತೀನಿ. ನಾಳೆ ನೀವೂ ಬನ್ನಿ. ಹೆಂಗಸರು ಹೆಂಗಸರ ಹತ್ರ ಬಾಯಿ ಬಿಡ್ತಾರೆ."

ಅವತ್ತು ಮನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಹೇಳಬೇಕು ಅಂತ ನಾಲಿಗೆ ತುದಿಗೆ ಬರುತ್ತಿತ್ತು. ಹೇಳಿದರೆ ಆ ಗೆರೆ ಎಳೆದವರು ಯಾರು ಅಂತ ಅವ್ವ ಕೇಳುತ್ತಾಳೆ. ಎದ್ದಳು, ಕೂತಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

"ಏನೇ ಕಪ್ಪೆ, ಬಾಲ ಸುಟ್ಟ ಬೆಕ್ಕಿನ ಥರ ಓಡಾಡ್ತಿದ್ದೀಯ?" ಅಂದಳು ಅವ್ವ. ಓಣಿಯಲ್ಲಿ ಅವಳಿಗೆ ಕಪ್ಪೆ ಅಂತಲೇ ಹೆಸರು. ಸಣ್ಣವಳಿದ್ದಾಗ ಯಾವಾಗ ನೋಡಿದರೂ ನೀರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳಂತೆ.

"ಏನಿಲ್ಲ."

ಬೆಳಿಗ್ಗೆ ಹೊರಡುವಾಗ ಬಾಗಿಲ ಹತ್ತಿರ ನಿಂತು, ಚಪ್ಪಲಿ ನೋಡುತ್ತ ಹೇಳಿದಳು. "ಅವ್ವಾ, ಇವತ್ತು ನಮ್ಮ ಆಫೀಸಿನೋರು ಇಲ್ಲಿಗೆ ಬರ್ತಾರೆ. ನಾನೂ ಇರ್ತೀನಿ. ನನ್ನ ಗುರುತಿಲ್ಲದ ಹಾಗೆ ಇರು."

ಅವ್ವ ಬೂಟಿನೊಳಗೆ ಚಿಂದಿ ತುರುಕುತ್ತಿದ್ದಳು. ಕೊಟ್ಟ ಬೂಟು ಗಂಡಸರ ಅಳತೆಯವು. ಚಿಂದಿ ತುರುಕದಿದ್ದರೆ ಕೆಸರಿನಲ್ಲೇ ಉಳಿದುಬಿಡುತ್ತವೆ. ತಲೆ ಎತ್ತಲಿಲ್ಲ.

"ಸರಿ. ಮತ್ತೆ ಏನಂತ ಕರೀಲಿ?"

"ಮೇಡಂ ಅನ್ನು."

ಅವ್ವ ನಕ್ಕಳು. ಅವಳು ನಗುವಾಗ ಯಾವಾಗಲೂ ಭುಜ ಕುಣಿಯುತ್ತಿತ್ತು. ಇವತ್ತು ಕುಣಿಯಲಿಲ್ಲ.

ಜೀಪು ಓಣಿಯ ಬಾಯಲ್ಲೇ ನಿಂತಿತು. ಸಾಹೇಬರು ಕರವಸ್ತ್ರ ಮೂಗಿಗೆ ಒತ್ತಿಕೊಂಡು ಇಳಿದರು. ಹೂಳು ಎತ್ತಿಸುವ ಮೇಸ್ತ್ರಿ ಮೊದಲೇ ಬಂದು ಕಾಯುತ್ತಿದ್ದ. ಹೆಂಗಸರು ಸಲಿಕೆ ಊರಿಕೊಂಡು ಸಾಲಾಗಿ ನಿಂತಿದ್ದರು. ಮೊಣಕಾಲ ತನಕ ಕರ್ರಗೆ ಕೆಸರು. ಅವರೆಲ್ಲ ಅವಳನ್ನು ಎತ್ತಿ ಆಡಿಸಿದವರು. ಒಬ್ಬಳೂ ಅವಳ ಮುಖ ನೋಡಲಿಲ್ಲ. ಅವ್ವ ಎಲ್ಲರಿಗೂ ಹೇಳಿಟ್ಟಿದ್ದಳು.

"ಕೇಳ್ರೀ ಅವರನ್ನ" ಅಂದರು ಸಾಹೇಬರು.

ಅವಳು ಕೇಳಿದಳು. "ಇದನ್ನ ನೀವು ಏನಂತ ಕರೀತೀರಿ?"

"ಮೋರಿ, ಮೇಡಂ" ಅಂದಳು ಅವ್ವ.

"ಎಲ್ಲರೂ ಹಾಗೇ ಅಂತೀರಾ?"

"ಮೋರಿ, ಮೇಡಂ. ಮೋರಿ" ಅಂದರು ಎಲ್ಲರೂ. ಮೇಸ್ತ್ರಿ ಅವರ ಹಿಂದೆ ನಿಂತು ತಲೆ ಆಡಿಸಿದ.

"ಬರ್ಕೊಳ್ಳಿ" ಅಂದರು ಸಾಹೇಬರು. "ಈಗ ಆಳ. ಯಾರಾದ್ರೂ ಇಳೀರಮ್ಮ. ಏಯ್, ನೀನೇ ಇಳಿ."

ಅಳತೆ ಕೋಲು ಅವ್ವನ ಕೈಗೆ ಬಂತು. ಅವ್ವ ಇಳಿದಳು. ನೀರು ತೊಡೆಗೆ ಬಂತು.

"ನಡುವೆ ಹೋಗು. ಇನ್ನೂ. ಇನ್ನೂ. ನಿಂಗೇನು ಹೊಸದಾ?"

ಕಾಲ ಕೆಳಗೆ ಹೂಳು ಜಾರಿತು. ಅವ್ವ ಎದೆಯ ತನಕ ಹೋದಳು. ಒಂದು ಕೈ ಕೋಲಿನ ಮೇಲೆ, ಒಂದು ಕೈ ಗಾಳಿಯಲ್ಲಿ. ಕಪ್ಪು ನೀರು ಗಲ್ಲ ಮುಟ್ಟಿ ಬಾಯಿಗೆ ಸಿಡಿಯಿತು. ಅವ್ವ ಉಗಿದಳು. ಕೋಲನ್ನು ಮಾತ್ರ ನೆಟ್ಟಗೆ ಹಿಡಿದಿದ್ದಳು.

"ಅಲ್ಲಾಡಬೇಡ! ಫೋಟೋ ತೆಗೀಬೇಕು." ಸಾಹೇಬರು ಕರವಸ್ತ್ರದ ಹಿಂದಿನಿಂದ ನಕ್ಕರು. "ನೋಡ್ರೀ, ಎಮ್ಮೆ ಥರ ಹೇಗೆ ನಿಂತಿದ್ದಾಳೆ."

ಅವಳು ಆಳ ಬರೆದುಕೊಂಡಳು. ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಅವ್ವ ದಂಡೆಗೆ ಬಂದು ಹತ್ತಲಾರದೆ ಕೈ ಚಾಚಿದಳು. ಎದುರಿಗೆ ಮಗಳೇ ಇದ್ದಳು. "ಮುಟ್ಟಬೇಡಿ, ನಾಲ್ಕು ದಿನ ವಾಸನೆ ಹೋಗಲ್ಲ" ಅಂದರು ಸಾಹೇಬರು. ಅವಳ ಕೈ ಎದ್ದಲ್ಲೇ ನಿಂತಿತು. ಅವ್ವ ಅದನ್ನು ನೋಡಿದಳು. ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಹುಲ್ಲು ಹಿಡಿದು ತಾನೇ ಹತ್ತಿದಳು.

ಜೀಪಿನಲ್ಲಿ ಸಾಹೇಬರು ಯಾವುದೋ ಮದುವೆಯ ಸುದ್ದಿ ಹೇಳುತ್ತಿದ್ದರು. ಅವಳು ತನ್ನ ಅಂಗೈಯನ್ನೇ ನೋಡುತ್ತ ಕೂತಿದ್ದಳು. ಅದು ಒಣಗಿತ್ತು. ಶುದ್ಧವಾಗಿತ್ತು.

ಸಂಜೆ ಅವ್ವ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದಳು. ಅವಳನ್ನು ನೋಡಿ, "ಬನ್ನಿ ಮೇಡಂ. ಊಟ ಮಾಡ್ತೀರಾ?" ಅಂದಳು.

"ಅವ್ವಾ."

"ಮೇಡಂ ಅಂತ ಕರೆದೂ ಕರೆದೂ ರೂಢಿ ಬಿದ್ದುಬಿಡ್ತು ನೋಡು."

"ಮೋರಿ ಅಂತ ಯಾಕಂದೆ?"

"ಮೇಸ್ತ್ರಿ ಹೇಳಿಕೊಟ್ಟಿದ್ದ. ಹಳ್ಳ ಅಂದ್ರೆ ದಂಡೆ ಮೇಲಿನ ಮನೆ ಕೀಳ್ತಾರೆ, ಮೋರಿ ಅಂದ್ರೆ ಬಿಟ್ಟುಬಿಡ್ತಾರೆ ಅಂತ. ಅನ್ನೋದಕ್ಕೆ ನಮಗೇನು ಕಷ್ಟ? ಊರೇ ನಮ್ಮನ್ನ ಮೋರಿ ಅನ್ನುತ್ತೆ. ನಿಮ್ಮಜ್ಜಿ ಒಬ್ಬಳು ಸಾಯೋ ತನಕ ಹಳ್ಳ ಹಳ್ಳ ಅಂತಿದ್ದಳು."

"ಸುಳ್ಳು ಹೇಳಿದ್ದಾನೆ. ಹಳ್ಳ ಆದ್ರೆ ಹಳೇ ಮನೆ ಕೀಳೋ ಹಾಗಿಲ್ಲ. ಅವರ ಪೈಪು ಅದಕ್ಕೆ ಬಿಡೋ ಹಾಗೂ ಇಲ್ಲ. ಮೋರಿ ಆದ್ರೇನೇ ನಮ್ಮನ್ನ ಎಬ್ಬಿಸೋದು. ಚಪ್ಪಡಿ ಹಾಕಿ ರಸ್ತೆ ಮಾಡ್ತಾರೆ."

ಅವ್ವನ ಕೈಯಲ್ಲಿದ್ದ ಚೊಂಬಿನಿಂದ ನೀರು ಸುರಿಯುತ್ತಲೇ ಇತ್ತು. ಕಾಲ ಮೇಲೆ ಬೀಳುತ್ತಿರಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ. ಗೋಡೆ ಒಳಗಿರೋದು ನೀಲಿ, ಈ ಕಡೆ ಇರೋದು ಬೂದು. ನಡುವೆ ಗೋಡೆಯಷ್ಟು ಜಾಗ ಬಿಟ್ಟಿದೆ. ಅಲ್ಲಿಂದ ಇಲ್ಲಿಗೆ ನೀರೇ ಬರಲ್ಲ ಅನ್ನೋ ಹಾಗೆ." ಅವ್ವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಆ ಜಾಗ ಬಿಟ್ಟಿದ್ದು ನಾನೇ ಅವ್ವಾ."

ಅವ್ವ ಚೊಂಬು ಕೆಳಗಿಟ್ಟಳು.

"ಅಳಿಸೋಕೆ ಬರುತ್ತಾ?"

ಮರುದಿನ ಆಫೀಸಿಗೆ ಹೋದವಳೇ ಓಣಿಯ ನಕ್ಷೆ ತೆರೆದಳು. ಗೋಡೆಯ ಹತ್ತಿರ ಹೋದಳು. ಬೂದು ಗೆರೆಯ ತುದಿ ಹಿಡಿದು ನೀಲಿಯ ತುದಿಗೆ ಒಯ್ದಳು. ಟಕ್. ಕೆಂಪು ಚುಕ್ಕೆ ಎದ್ದಿತು. ಬೂದನ್ನು ನೀಲಿ ಮಾಡಿದಳು. ಚುಕ್ಕೆ ಆರಿತು. ದಿಬ್ಬದ ಬುಡದಿಂದ ಓಣಿಯ ಕೊನೆಯ ತನಕ ನೀಲಿ.

ಸಾಹೇಬರು ಸಹಿ ಹಾಕಲು ಬಂದು ನಿಂತರು. "ಮತ್ತೆ ಶುರುವಾಯ್ತಾ? ಬಿಚ್ಚಿ ಅದನ್ನ."

"ಬಿಚ್ಚಲ್ಲ."

ಕನ್ನಡಕದವನ ಬೆರಳು ಕೀಲಿಗಳ ಮೇಲೆ ನಿಂತವು.

"ಏನಂದ್ರಿ?"

"ಒಂದು ನೀರಿಗೆ ಒಂದೇ ಬಣ್ಣ. ಇಡೀ ಸೀಮೆಗೆಲ್ಲ ಹಾಗೇ ಮಾಡಿದ್ದೀನಿ. ಇದಕ್ಕೂ ಹಾಗೇ."

"ಜನರೇ ಮೋರಿ ಅಂದಿದ್ದಾರಲ್ರೀ. ನೀವೇ ಕೇಳಿ ಬರ್ಕೊಂಡಿದ್ದೀರಿ."

"ಹೇಳಿಕೊಟ್ಟು ಅನ್ನಿಸಿದ್ದು."

"ನಿಮಗೆ ಯಾರು ಹೇಳಿದ್ರು?"

"ನಮ್ಮವ್ವ. ನೀವು ನಿನ್ನೆ ಎದೆ ಮಟ್ಟ ಇಳಿಸಿ ಎಮ್ಮೆ ಅಂದ್ರಲ್ಲ, ಅವಳು."

ಸಾಹೇಬರ ಕೈ ತಾನಾಗಿ ಎದ್ದು ಮೂಗಿನ ಹತ್ತಿರ ಹೋಯಿತು.

ಅವಳು ಆ ಕೈಯನ್ನು ನೋಡಿದಳು. ಇಷ್ಟು ಕಾಲ ಬೆನ್ನ ಹಿಂದೆ ಬಗ್ಗಿ ನಿಂತಿದ್ದವರು. ಅವಳ ಡಬ್ಬಿಯಿಂದ ತುತ್ತು ತೆಗೆದು ತಿಂದವರು. ಇಲ್ಲದ ವಾಸನೆ ಒಂದು ಮಾತಿಗೆ ಹುಟ್ಟಿಬಿಟ್ಟಿತ್ತು.

"ಮುಚ್ಕೊಳ್ಳಿ ಸರ್. ಚೆನ್ನಾಗಿ ಮುಚ್ಕೊಳ್ಳಿ" ಅಂದಳು.

"ಎದ್ದು ಹೋಗಿ ಇಲ್ಲಿಂದ. ನಾಳೆಯಿಂದ ಬರಬೇಕಾಗಿಲ್ಲ. ಅದನ್ನ ನೀನು ಬಿಚ್ಚಯ್ಯ" ಅಂದರು ಕನ್ನಡಕದವನಿಗೆ.

ಅವಳು ಬಾಗಿಲು ದಾಟುವ ಮೊದಲೇ ಮೌಸ್ ಸದ್ದು ಕೇಳಿಸಿತು. ಗಂಟು ಬಿಚ್ಚುವುದಕ್ಕೆ ಏನೂ ಹೊತ್ತು ಬೇಕಿಲ್ಲ.

ಮಟಮಟ ಮಧ್ಯಾಹ್ನ. ಕಂಡಕ್ಟರು ಕೂಗಿದ, "ಮೋರಿ ಯಾರ್ರೀ?" ಅವಳು ಎದ್ದಳು. "ಹಳ್ಳ" ಅಂದಳು. "ಆಂ?" ಅಂದ ಅವನು. ಅವಳು ಇಳಿದಳು.

ಹೆಂಗಸರು ಊಟಕ್ಕೆ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದಳು. ಯಾರೂ ಅಯ್ಯೋ ಅನ್ನಲಿಲ್ಲ. ಕೆಲಸ ಹೋಯಿತಲ್ಲೇ ಅಂತ ಅಳಲಿಲ್ಲ. ಅವರಲ್ಲಿ ದಪ್ಪಗಿದ್ದ ಡ್ರಮ್ಮಕ್ಕ ಕೇಳಿದಳು, "ಹಂಗಾದ್ರೆ ನಕ್ಷೆ ಪ್ರಕಾರ ಆ ಕಡೆ ನೀರು ಈ ಕಡೆ ಬರಲ್ಲವಾ?"

"ಬರಲ್ಲ. ನಡುವೆ ಜಾಗ ಇದೆ."

"ಮತ್ತೆ ಇದೇನಿದು ಇಲ್ಲಿ ಬರ್ತಿರೋದು?"

ಅವ್ವ ಬಾಯಿ ಒರೆಸಿಕೊಂಡು ಎದ್ದಳು. ಸಲಿಕೆ ಎತ್ತಿಕೊಂಡಳು. "ತಪ್ಪಿ ಬರ್ತಿದೆ ಅಂತ ಕಾಣುತ್ತೆ. ಸರಿ ಮಾಡೋಣ ಬನ್ರೇ."

ತಿಂಗಳುಗಟ್ಟಲೆ ಎತ್ತಿ ದಂಡೆಗೆ ಹಾಕಿದ್ದ ಹೂಳಿತ್ತು. ಒಯ್ಯಲು ಗಾಡಿ ಬರುತ್ತದೆ ಅಂತ ಮೇಸ್ತ್ರಿ ಹೇಳುತ್ತಲೇ ಇದ್ದ. ಗಾಡಿ ಬಂದಿರಲಿಲ್ಲ. ಅದನ್ನು ಚೀಲಗಳಿಗೆ ತುಂಬಿದರು. ಗೋಡೆಯ ಕಿಂಡಿಯ ತನಕ ಸಾಲಾಗಿ ನೀರಿಗಿಳಿದರು. ಅವಳೂ ಚಪ್ಪಲಿ ಬಿಟ್ಟು ಇಳಿದಳು.

"ಬಟ್ಟೆ ಹಾಳಾಗುತ್ತೆ ಕಣೇ ಕಪ್ಪೆ" ಅಂದಳು ಅವ್ವ.

"ಆಗಲಿ."

ಕಾಲಿಗೆ ಏನೇನೋ ತಾಗಿತು. ಚೀಲ ಕೈಯಿಂದ ಕೈಗೆ ಬಂತು. ಭಾರಕ್ಕೆ ಭುಜ ಕಿತ್ತು ಹೋಗುವಂತಾಯಿತು. ಅವ್ವನ ಕೈಯಿಂದ ತಾನು ತೆಗೆದುಕೊಂಡು ಡ್ರಮ್ಮಕ್ಕನ ಕೈಗೆ ಕೊಡುತ್ತಿದ್ದಳು. ಪ್ರತಿ ಸಲವೂ ಅವ್ವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. ಕಿಂಡಿ ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಕೊನೆಯ ಚೀಲ ತುರುಕಿ ಅವ್ವ ಅದಕ್ಕೆ ಬೆನ್ನು ಕೊಟ್ಟು ನಿಂತಳು. ಅವಳ ಪಕ್ಕ ಮಗಳು. ಮಗಳ ಪಕ್ಕ ಉಳಿದವರು. ಓಣಿಯಲ್ಲಿ ನೀರು ಇಳಿಯತೊಡಗಿತು. ಗೋಡೆಯ ಆಚೆ ಏರತೊಡಗಿತು.

ಗೋಡೆ ಮನೆಯವರ ಕೊಳೆ ಮೊದಲ ಸಲ ಗೋಡೆ ಮನೆಯವರ ಹತ್ತಿರವೇ ಉಳಿಯಿತು.

ಬಿಸಿಲು ಬಾಡುವ ಹೊತ್ತಿಗೆ ಆಚೆಯಿಂದ ಕಿರುಚಾಟ ಕೇಳಿಸಿತು. ಹುಲ್ಲುಹಾಸಿನ ಮೇಲೆ ಬಂತಂತೆ. ಮೆಟ್ಟಿಲು ಹತ್ತಿತಂತೆ. ಮೊದಲು ಮೇಸ್ತ್ರಿ ಓಡಿ ಬಂದ, ಬೈದ, ಕೈ ಮುಗಿದ, ಹೋದ. ಆಮೇಲೆ ಜೀಪು ಬಂತು. ಸಾಹೇಬರು ಓಣಿಯ ಬಾಯಿಂದ ಓಡುತ್ತಲೇ ಬಂದರು. ಕರವಸ್ತ್ರ ತರುವುದನ್ನು ಮರೆತಿದ್ದರು.

"ತೆಗೀರಿ! ಯಾರು ಹೇಳಿದ್ದು ನಿಮಗೆ ಮುಚ್ಚೋಕೆ? ತೆಗೀರಿ ಮೊದಲು!"

"ಏನನ್ನ ಸಾಹೇಬ್ರೇ?" ಅಂದಳು ಅವ್ವ. ನೀರಿನಲ್ಲೇ ನಿಂತು ತಲೆ ಎತ್ತಿ ನೋಡಿದಳು. "ಇಲ್ಲಿ ಜಾಗ ಬಿಟ್ಟಿದ್ದೀರಂತಲ್ಲ. ನಿಮ್ಮ ನಕ್ಷೇಲಿರೋ ಹಾಗೇ ಮಾಡಿದ್ದೀವಿ. ಆ ನೀರು ಬೇರೆ, ಈ ಮೋರಿ ಬೇರೆ."

"ಪೊಲೀಸರು ಬರ್ತಿದ್ದಾರೆ, ತಿಳ್ಕೊಳ್ಳಿ."

"ಬರಲಿ. ನೀರಿಗೆ ಇಳಿದೇ ಹಿಡೀಬೇಕು ನಮ್ಮನ್ನ."

ಡ್ರಮ್ಮಕ್ಕ ಕಿಸಿಕಿಸಿ ನಕ್ಕಳು. ಸಾಹೇಬರ ಮುಖ ಕೆಂಡವಾಯಿತು. ಗೋಡೆಯ ಮೇಲೆ ಯಾರ್ಯಾರದೋ ತಲೆಗಳು ಎದ್ದು ಅವರನ್ನೇ ನೋಡುತ್ತಿದ್ದವು.

"ಬೇಕಾದ ಕಡೆ ಮುಚ್ಚೋಕೆ ಇದೇನು ನಿಮ್ಮಪ್ಪನ ಮನೆ ಮೋರಿ ಅಂದ್ಕೊಂಡ್ರಾ?" ಅಂತ ಅರಚಿದರು. "ಹರಿಯೋ ಹಳ್ಳ ಇದು! ಹಳ್ಳ!"

ಅಂದದ್ದು ತಮ್ಮ ಕಿವಿಗೇ ಬಿದ್ದು ಸಾಹೇಬರು ಬಾಯಿಗೆ ಕೈ ಒಯ್ದರು. ಚೀಲಗಳ ಸಂದಿಯಿಂದ ನೀರು ಜಿನುಗುತ್ತಿತ್ತು.

ಅವ್ವನ ಭುಜ ಕುಣಿಯತೊಡಗಿತು. ಬೆನ್ನನ್ನು ಚೀಲಕ್ಕೆ ಇನ್ನಷ್ಟು ಒತ್ತಿ, ಮಗಳ ಕಡೆ ತಿರುಗಿದಳು.

"ಬರ್ಕೊಳ್ಳಿ ಮೇಡಂ" ಅಂದಳು.